‘ಮಿಸ್’ ಅಂತ ಹೇಳೋದನ್ನು ನಾನು ಕಲಿತದ್ದು

ಹೋದ ಭಾನುವಾರ ಪುಣೆ ಪಕ್ಕದ ಪಿಂಪ್ರಿಯಲ್ಲಿ ನಮ್ಮ ಕನ್ನಡದ ಮನೆಗಳವರು ಸೇರಿದ್ದಾಗ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಬಂದವರಲ್ಲಿ ಅರ್ಧ ಜನ ಎಂಟನೇ ಕ್ಲಾಸಿನಿಂದ ಇಂಜಿನಿಯರಿಂಗ್‌ವರೆಗಿನ ಮಕ್ಕಳು, ಇನ್ನರ್ಧ ಅವರ ಅಪ್ಪ ಅಮ್ಮಂದಿರು. ಬರೋಕೆ ಆಗದವರು ಕೇಳಿದ್ದರಿಂದ ಅವತ್ತು ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಒಂದು ಸಣ್ಣ ಶಬ್ದದಿಂದ ಶುರು ಮಾಡುತ್ತೇನೆ. ‘ಮಿಸ್’. ಕಂಪ್ಯೂಟರಿನಲ್ಲಿ ಡೋಟಾ 2 ಅನ್ನುವ ಆಟ ಆಡುವ ಮಕ್ಕಳಿಗೆ ಇದು ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಕಡೆ ಐದು ಜನ, ಆ ಕಡೆ ಐದು ಜನ. ಮೈದಾನದಲ್ಲಿ ಮೂರು ದಾರಿ, ಅವುಗಳ ಮಧ್ಯೆ ಕಾಡು, ಅಡ್ಡಕ್ಕೆ ಒಂದು ಹೊಳೆ. ನಿಮ್ಮ ದಾರಿಯಲ್ಲಿ ನಿಮ್ಮೆದುರು ನಿಂತವನು ಕಣ್ಣಿಗೆ ಕಾಣುತ್ತಿರುವ ತನಕ ಚಿಂತೆ ಇಲ್ಲ. ಅವನು ಕಾಣದೆ ಹೋದ ಅಂದರೆ ಕಾಡು ಸುತ್ತಿಕೊಂಡು ನಿಮ್ಮ ಗೆಳೆಯನ ಬೆನ್ನ ಹಿಂದೆ ಹೊರಟಿದ್ದಾನೆ ಅಂತಲೇ ಲೆಕ್ಕ. ಆಗ ಮೈಕಿನಲ್ಲಿ ಎರಡು ಮಾತು ಹೇಳಬೇಕು, ‘ಮಿಡ್ ಮಿಸ್’. ಮಧ್ಯದ ದಾರಿಯವನು ಕಾಣುತ್ತಿಲ್ಲ ಅಂತ. ಐದು ಸೆಕೆಂಡು ತಡ ಮಾಡಿದಿರೋ, ಗೆಳೆಯ ಸತ್ತ.

ಇಷ್ಟು ಸುಲಭದ ಮಾತು, ಆದರೂ ಹೊಸಬರ ಬಾಯಿಂದ ಹೊರಡುವುದೇ ಇಲ್ಲ. ಮಿಸ್ ಅಂದರೆ ‘ನನ್ನ ಕಣ್ಣು ತಪ್ಪಿಸಿ ಹೋದ’ ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಂಡ ಹಾಗಲ್ವಾ? ಅದಕ್ಕೇ ಸುಮ್ಮನಿರುತ್ತಾರೆ. ಇನ್ನೇನು ಮತ್ತೆ ಕಂಡಾನು ಅಂತ ಕಾಯುತ್ತಾರೆ. ನಾನು ಒಂದು ವರ್ಷ ಹೀಗೆ ಕಾದವಳು. ಆಟ, ರೋಬೋಟು, ಕ್ಯಾಪ್ಟನ್‌ಗಿರಿ ಎಲ್ಲ ಸೇರಿ ನನಗೆ ಕಲಿಸಿದ್ದು ಈ ಕಾಯುವುದನ್ನು ಬಿಡುವುದನ್ನೇ. ಅದರ ಬಗ್ಗೆ ಮಾತ್ರ ಇವತ್ತು ಮಾತಾಡುತ್ತೇನೆ.

ನಾನು ಬೆಳೆದದ್ದು ಭೋಸರಿಯಲ್ಲಿ. ಅಪ್ಪ ಇಂಡಿ ತಾಲೂಕಿನಿಂದ ಬಂದು ಇಲ್ಲಿನ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಲೇಥ್ ನಡೆಸುವ ಟರ್ನರ್ ಆದವರು. ಮನೆಯೊಳಗೆ ವಿಜಯಪುರದ ಕನ್ನಡ, ಹೊಸಿಲು ದಾಟಿದರೆ ಮರಾಠಿ. ಕಂಪ್ಯೂಟರ್ ಇದ್ದದ್ದು ಕಾಕಾನ ಮನೆಯಲ್ಲಿ. ಕಾಕಾನ ಮಗ ನನಗಿಂತ ಮೂರು ವರ್ಷ ದೊಡ್ಡವನು, ಅವನೇ ನನಗೆ ಡೋಟಾ ಕಲಿಸಿದ. ಶನಿವಾರ ಸಂಜೆ ಕಾಕುನ ಕೈಯ ಅವಲಕ್ಕಿ ತಿಂದು ಕೂತರೆ ರಾತ್ರಿ ಹತ್ತಕ್ಕೆ ಅಪ್ಪ ಬಂದು ಕರೆದುಕೊಂಡು ಹೋಗುವವರೆಗೆ ಏಳುತ್ತಿರಲಿಲ್ಲ.

ಆ ಮೊದಲ ವರ್ಷ ನಾನು ಮೈಕ್ ಆನ್ ಮಾಡಲೇ ಇಲ್ಲ. ಹುಡುಗಿಯ ದನಿ ಕೇಳಿದರೆ ಸಾಕು, ಗುರುತು ಪರಿಚಯ ಇಲ್ಲದವರು ಬಾಯಿಗೆ ಬಂದದ್ದು ಅನ್ನುತ್ತಿದ್ದರು. ಕೆಲವರು ಬೈಯುತ್ತಿದ್ದರು, ಕೆಲವರು ನಂಬರ್ ಕೇಳುತ್ತಿದ್ದರು, ಇನ್ನು ಕೆಲವರು ಸೋಲಿನ ಗಂಟನ್ನು ನನ್ನ ತಲೆಗೇ ಕಟ್ಟುತ್ತಿದ್ದರು. ಅಪ್ಪ ಅಮ್ಮಂದಿರ ಮುಂದೆ ಇದನ್ನು ಮುಚ್ಚಿಟ್ಟು ಆಟದ ಗುಣಗಾನ ಮಾಡಲು ನನಗೆ ಮನಸ್ಸಿಲ್ಲ. ಇದು ಈಗಲೂ ಪೂರ್ತಿ ಹೋಗಿಲ್ಲ. ನಿಮ್ಮ ಮಗಳು ಆಡುತ್ತಿದ್ದರೆ ‘ಆಡಬೇಡ’ ಅನ್ನುವ ಮೊದಲು ಯಾರ ಜೊತೆ ಆಡುತ್ತೀಯಾ, ಅವರು ನಿನ್ನ ಜೊತೆ ಹೇಗೆ ಮಾತಾಡುತ್ತಾರೆ ಅಂತ ಒಂದು ಮಾತು ಕೇಳಿ. ನನ್ನನ್ನು ಯಾರಾದರೂ ಕೇಳಿದ್ದರೆ ಆ ವರ್ಷ ಸ್ವಲ್ಪ ಹಗುರವಾಗುತ್ತಿತ್ತು.

ಕಾಲೇಜಿಗೆ ಬಂದ ಮೇಲೆ ಕ್ಲಾಸಿನ ನಾಲ್ಕು ಜನ ಸಿಕ್ಕರು. ಐದು ಜನರ ತಂಡ ಆಯಿತು. ನನಗೆ ಬಂದದ್ದು ಐದನೇ ಸ್ಥಾನ, ಸಪೋರ್ಟ್. ಸಪೋರ್ಟ್ ಅಂದರೆ ತಂಡದ ಅತಿ ಬಡವ. ಚಿನ್ನ, ಒಳ್ಳೆ ಆಯುಧ ಎಲ್ಲ ಬೇರೆಯವರಿಗೆ. ನನ್ನ ಕೆಲಸ ಕಾಡಿನಲ್ಲಿ ವಾರ್ಡ್ ನೆಡುವುದು. ವಾರ್ಡ್ ಅಂದರೆ ಒಂದು ಕಣ್ಣು ಅಂತ ಇಟ್ಟುಕೊಳ್ಳಿ. ನೆಟ್ಟ ಜಾಗದ ಸುತ್ತ ಯಾರು ಓಡಾಡಿದರೂ ತಂಡಕ್ಕೆ ಕಾಣುತ್ತದೆ. ಕಣ್ಣು ನೆಡುವವಳೇ ನಾನಾದ್ದರಿಂದ ಕಂಡದ್ದನ್ನು ಕೂಗಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಅಲ್ಲಿ ನಾನು ಮಾತು ಕಲಿತೆ. ‘ಅಯ್ಯೋ ಏನು ಮಾಡ್ತಿದ್ದೀಯಾ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಹೊಳೆ ದಾಟಿ ಇಬ್ಬರು, ನಿನ್ನ ಕಡೆ’ ಅಂದರೆ ಒಬ್ಬ ಬದುಕಿಕೊಳ್ಳುತ್ತಾನೆ. ಏನು ಕಂಡಿತು, ಎಲ್ಲಿ ಕಂಡಿತು. ಸಿಟ್ಟು ಮಾಡಿಕೊಳ್ಳುವುದಿದ್ದರೆ ಆಟ ಮುಗಿದ ಮೇಲೆ ಚಹಾ ಕುಡಿಯುತ್ತಾ ಮಾಡಿಕೊಳ್ಳಬಹುದು.

ಆಮೇಲೆ 2018ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ನಡೆದ ಡೋಟಾದ ವಿಶ್ವ ಟೂರ್ನಿ ‘ದಿ ಇಂಟರ್‌ನ್ಯಾಷನಲ್’ ಫೈನಲನ್ನು ನಿದ್ದೆಗೆಟ್ಟು ನೋಡಿದೆ. ಓಜಿ ಅನ್ನುವ ಯುರೋಪಿನ ತಂಡ. ಟೂರ್ನಿಗೆ ಕೆಲವೇ ತಿಂಗಳ ಮೊದಲು ಇಬ್ಬರು ಆಟಗಾರರು ತಂಡ ಬಿಟ್ಟು ಬೇರೆ ಕಡೆ ಹೋಗಿದ್ದರು. ಕೋಚ್ ಆಗಿದ್ದ ಸೆಬ್ ತಾನೇ ಆಡಲು ಕೂತ, ಟಾಪ್ಸನ್ ಅನ್ನುವ ಫಿನ್ಲೆಂಡಿನ ಹೊಸ ಹುಡುಗನನ್ನು ಸೇರಿಸಿಕೊಂಡರು, ಯಾರು ಬೇಕಾದರೂ ಹೆಸರು ಕೊಡಬಹುದಾದ ಓಪನ್ ಕ್ವಾಲಿಫೈಯರ್‌ನಿಂದ ಆಡಿಕೊಂಡು ಮೇಲೆ ಬಂದರು. ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ತಂಡವನ್ನು 3–2ರಲ್ಲಿ ಸೋಲಿಸಿದರು. ಮರುವರ್ಷ ಶಾಂಘೈನಲ್ಲಿ ಮತ್ತೆ ಗೆದ್ದರು. ಎರಡು ವರ್ಷ ಸತತ ಗೆದ್ದ ಮೊದಲ ತಂಡ ಅದು. ನನ್ನ ಕಣ್ಣು ಇದ್ದದ್ದು ಕ್ಯಾಪ್ಟನ್ ನೋಟೇಲ್ ಮೇಲೆ. ಅವನೂ ಐದನೇ ಸ್ಥಾನದವನು. ವಾರ್ಡ್ ನೆಡುವವನು, ಬೇರೆಯವರಿಗಾಗಿ ಸಾಯುವವನು. ಕ್ಯಾಪ್ಟನ್ ಅಂದರೆ ಎಲ್ಲರಿಗಿಂತ ಜಾಸ್ತಿ ಕೊಲ್ಲುವವನು ಅಂತ ತಿಳಿದಿದ್ದ ನಮ್ಮ ಹಾಸ್ಟೆಲಿನ ಹುಡುಗರಿಗೆ ನಾನು ಅವತ್ತೇ ಫೋನ್ ಮಾಡಿ ಹೇಳಿದ್ದೆ.

ಆಟದಲ್ಲಿ ಮಿಸ್ ಹೇಳಲು ಕಲಿತೆ ಅಂದ ಮಾತ್ರಕ್ಕೆ ಬದುಕಿನಲ್ಲಿ ಕಲಿತೆ ಅಂತ ಅಲ್ಲ. ಕಾಲೇಜಿನ ಎರಡನೇ ವರ್ಷದಲ್ಲಿ ನನಗೆ ಎಂ-3 ಹೋಯಿತು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಯಾರನ್ನಾದರೂ ಕೇಳಿ, ಎಂ-3 ಅಂದರೆ ಏನು ಅಂತ ಹೇಳುತ್ತಾರೆ. ಗಣಿತದ ಮೂರನೇ ಪೇಪರು. ಅದರಲ್ಲಿ ಫೇಲಾದದ್ದನ್ನು ನಾನು ಮನೆಯಲ್ಲಿ ಎರಡು ತಿಂಗಳು ಹೇಳಲಿಲ್ಲ. ಕೊನೆಗೆ ಮರುಪರೀಕ್ಷೆಯ ಫೀಸು ಕಟ್ಟುವ ದಿನ ಹೇಳಲೇಬೇಕಾಯಿತು. ಅವ್ವ ಒಲೆ ಆರಿಸಿ ಸುಮ್ಮನೆ ನಿಂತುಬಿಟ್ಟಳು. ಅಪ್ಪ ಬೈಯಲಿಲ್ಲ. ಮಾರನೇ ದಿನ ತಮ್ಮ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು.

ಬೆಳಿಗ್ಗೆ ಎಂಟು ಗಂಟೆ. ಕಟಿಂಗ್ ಆಯಿಲ್ ವಾಸನೆ, ಲೇಥಿನ ಸದ್ದು. ಅಪ್ಪ ಒಂದು ಶಾಫ್ಟು ಇಳಿಸಿ, ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರ್ ಹಿಡಿದು ತಿರುಪನ್ನು ಟಕ್ ಟಕ್ ಅನ್ನಿಸಿ ನನ್ನ ಕೈಗೆ ಕೊಟ್ಟರು. ಓದು ಅಂದರು. 24.96 ಮಿಲಿಮೀಟರ್. ಡ್ರಾಯಿಂಗ್ ಪ್ರಕಾರ 24.98ಕ್ಕಿಂತ ಕಡಿಮೆ ಆಗುವಂತಿಲ್ಲ. ಕಣ್ಣಿಗಾಗಲಿ ಬೆರಳಿಗಾಗಲಿ ಏನೂ ತಿಳಿಯದಷ್ಟು ವ್ಯತ್ಯಾಸ. ಇಂಥದ್ದನ್ನು ಚೂರಿನ ಡಬ್ಬಿಯ ತಳಕ್ಕೆ ತಳ್ಳಿ ಹೊಸ ತುಂಡು ಹಚ್ಚುವವರು ಇದ್ದಾರೆ, ಏನೂ ಆಗಿಲ್ಲ ಅನ್ನುವಂತೆ ಒಳ್ಳೆಯವುಗಳ ಜೊತೆ ಜೋಡಿಸಿ ಕಳಿಸುವವರೂ ಇದ್ದಾರೆ. ಅಪ್ಪ ಅದರ ಮೇಲೆ ಕೆಂಪು ಚಾಕಿನಿಂದ ಗೀರು ಎಳೆದು, ತಾವೇ ನಡೆದುಕೊಂಡು ಹೋಗಿ ಸೂಪರ್‌ವೈಸರ್ ಮೇಜಿನ ಮೇಲೆ ಇಟ್ಟು ಬಂದರು. ಆಮೇಲೆ ನನಗೆ ಹೇಳಿದರು: “ಜಾಬ್ ಕೆಟ್ರ ಮೊದ್ಲ ಹೇಳ್ಬೇಕವಾ. ಇವತ್ತ ಹೇಳಿದ್ರ ಒಂದ ಶಾಫ್ಟ್ ಹೋಗ್ತದ. ಎರಡ ತಿಂಗಳ ಬಿಟ್ಟ ಹೇಳಿದ್ರ ಇದರ ಮ್ಯಾಲ ಬೇರಿಂಗ್ ಕುಂತಿರ್ತದ, ಮಷೀನ್ ಗಿರಾಕಿ ಮನಿಗೆ ಹೋಗಿರ್ತದ.”

ಎಂ-3 ಆ ಸಲ ಪಾಸಾಯಿತು. ಆದರೂ ಅಪ್ಪನ ಮಾತು ನನಗೆ ನಿಜವಾಗಿ ತಲೆಗೆ ಇಳಿಯಲು ಇನ್ನೂ ಒಂದು ವರ್ಷ, ಒಂದು ಸೋತ ರೋಬೋಟು ಬೇಕಾಯಿತು.

ರೋಬೋಕಾನ್ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಪುಣೆಗೂ ಅದಕ್ಕೂ ಹಳೆಯ ನಂಟು. ಏಷ್ಯಾ-ಪೆಸಿಫಿಕ್ ದೇಶಗಳ ಪ್ರಸಾರ ಸಂಸ್ಥೆಗಳ ಒಕ್ಕೂಟ 2002ರಲ್ಲಿ ಟೋಕಿಯೋದಲ್ಲಿ ಶುರು ಮಾಡಿದ ಸ್ಪರ್ಧೆ ಅದು, ಇಂಜಿನಿಯರಿಂಗ್ ಕಾಲೇಜಿನ ಮಕ್ಕಳಿಗೆ. ಪ್ರತಿ ವರ್ಷ ಒಂದೊಂದು ದೇಶ ಆತಿಥ್ಯ ವಹಿಸುತ್ತದೆ, ಆಟದ ನಿಯಮ ಬರೆಯುವುದೂ ಆ ದೇಶವೇ. ನಮ್ಮಲ್ಲಿ ದೂರದರ್ಶನ ನೋಡಿಕೊಳ್ಳುತ್ತದೆ. 2008ರಲ್ಲಿ ಅಂತರರಾಷ್ಟ್ರೀಯ ಸುತ್ತು ಪುಣೆಗೆ ಬಂದಾಗ ಆಟದ ವಿಷಯ ಗೋವಿಂದ. ನಮ್ಮ ಬೀದಿಗಳ ದಹಿ ಹಂಡಿ, ಉಡುಪಿ ಕಡೆಯವರು ಮೊಸರು ಕುಡಿಕೆ ಅನ್ನುತ್ತಾರಲ್ಲ, ಅದೇ. ರೋಬೋಟುಗಳು ಬೆಣ್ಣೆ ತೆಗೆಯಬೇಕಿತ್ತು. ದಹಿ ಹಂಡಿಯಲ್ಲಿ ಕೆಳಗಿನ ಸಾಲಿನಲ್ಲಿ ನಿಲ್ಲುವ ಹುಡುಗರನ್ನು ನೋಡಿದ್ದೀರಾ? ಅವರು ತಲೆ ಎತ್ತುವ ಹಾಗಿಲ್ಲ. ಮೇಲೆ ಏನಾಗುತ್ತಿದೆ ಅಂತ ಅವರಿಗೆ ಗೊತ್ತಾಗುವುದು ಹೆಗಲಿನ ಭಾರದಿಂದ, ಪಕ್ಕದವನ ಕೂಗಿನಿಂದ. ಕಾಲು ನಡುಗುತ್ತಿದೆ ಅಂತ ಕೆಳಗಿನವನು ಕೂಗಿ ಹೇಳಲೇಬೇಕು. ಮರ್ಯಾದೆಗೆ ಅಂಜಿ ಸುಮ್ಮನಿದ್ದರೆ ಮೇಲಿನ ಚಿಕ್ಕ ಹುಡುಗ ಬೀಳುತ್ತಾನೆ.

2014ರಲ್ಲಿ ಮತ್ತೆ ಪುಣೆಗೆ ಬಂತು, ಬಾಲೆವಾಡಿಯ ಕ್ರೀಡಾ ಸಂಕೀರ್ಣಕ್ಕೆ. ಆ ಸಲದ ವಿಷಯ ತಂದೆತಾಯಿಗೆ ನಮಸ್ಕಾರ ಅನ್ನುವಂಥದ್ದು. ದೊಡ್ಡ ರೋಬೋಟು ತಂದೆ ಅಥವಾ ತಾಯಿ, ಚಿಕ್ಕದು ಮಗು. ದೊಡ್ಡದು ಚಿಕ್ಕದನ್ನು ಎತ್ತಿಕೊಂಡು ಹೋಗಿ ಏತ-ಪಾತ ಆಡಿಸಬೇಕು, ಕಂಬದಿಂದ ಕಂಬಕ್ಕೆ ನಡೆಸಬೇಕು, ಉಯ್ಯಾಲೆಯಲ್ಲಿ ಕೂರಿಸಿ ತೂಗಬೇಕು, ಕೊನೆಗೆ ಮಗು ತಾನೇ ಜಂಗಲ್ ಜಿಮ್ ಹತ್ತಬೇಕು. ನಾನು ಪ್ರೇಕ್ಷಕರ ಜಾಗದಲ್ಲಿ ಕೂತು ನೋಡಿದೆ. ಗೆದ್ದದ್ದು ವಿಯೆಟ್ನಾಂನ ಲಾಕ್ ಹಾಂಗ್ ವಿಶ್ವವಿದ್ಯಾಲಯ. ಅವತ್ತು ರಾತ್ರಿ ಬಸ್ಸಿನಲ್ಲಿ ಬರುವಾಗಲೇ ನಾನು ತಂಡಕ್ಕೆ ಸೇರಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಸೇರಿದೆ. ಕಾಲೇಜಿನ ಹಿಂದಿನ ತಗಡಿನ ಶೆಡ್ಡೇ ನಮ್ಮ ಲ್ಯಾಬ್. ಶನಿವಾರ ಬಂತೆಂದರೆ, ಪುಣೆಯ ‘ಬುಧವಾರ ಪೇಠೆ’ಯ ತಾಪ್ಕೀರ್ ಗಲ್ಲಿಯಲ್ಲಿ ಕನೆಕ್ಟರು, ವೈರು, ಸ್ವಿಚ್ಚು; ಅಲ್ಯೂಮಿನಿಯಂ ಕತ್ತರಿಸಲು ನಮ್ಮ ಭೋಸರಿ. ಲೇಥಿನ ಭಾಷೆ ನನಗೆ ಮನೆಯಿಂದಲೇ ಬಂದಿದ್ದರಿಂದ ವರ್ಕ್‌ಶಾಪಿನ ಕಾಕಾಗಳ ಜೊತೆ ಮಾತಾಡುವ ಕೆಲಸ ನನ್ನದೇ ಆಯಿತು. ಮೂರನೇ ವರ್ಷಕ್ಕೆ ನನ್ನನ್ನು ಕ್ಯಾಪ್ಟನ್ ಮಾಡಿದರು.

ಆ ವರ್ಷ, 2016ರ ಆಟವನ್ನು ಬರೆದವರು ಥಾಯ್ಲೆಂಡಿನವರು. ಪ್ರತಿ ತಂಡಕ್ಕೆ ಎರಡು ರೋಬೋಟು, ಒಂದು ಹೈಬ್ರಿಡ್, ಒಂದು ಇಕೋ. ಇಕೋ ರೋಬೋಟಿಗೆ ತನ್ನನ್ನು ತಾನು ಓಡಿಸಿಕೊಳ್ಳುವ ಮೋಟರು ಇರುವ ಹಾಗಿಲ್ಲ! ದಿಕ್ಕು ತಿರುಗಿಸಲು ಮಾತ್ರ ಒಂದು ಇರಬಹುದು. ಹೈಬ್ರಿಡ್ ರೋಬೋಟು ಅದನ್ನು ಮುಟ್ಟದೆ ಮುಂದೆ ಕಳಿಸಬೇಕು. ಗಾಳಿಯಿಂದಲೋ ಇನ್ನು ಹೇಗೋ, ನಿಮ್ಮ ಬುದ್ಧಿ. ಇಕೋ ರೋಬೋಟು ಗಾಳಿಯಂತ್ರದ ರೆಕ್ಕೆ ಹೊತ್ತುಕೊಂಡು ಏರು ತಗ್ಗು ದಾಟಿ ಬರಬೇಕು, ಹೈಬ್ರಿಡ್ ಅದನ್ನು ತೆಗೆದುಕೊಂಡು ಕಂಬ ಹತ್ತಿ ಜೋಡಿಸಬೇಕು. ಮೂರು ನಿಮಿಷ. ಇಷ್ಟು ಚಂದದ ಆಟವನ್ನು ನಾನು ಆಮೇಲೆ ಕಂಡಿಲ್ಲ. ನಾವು ಹೈಬ್ರಿಡ್ ಮೇಲೆ ಫ್ಯಾನ್ ಕೂರಿಸಿ, ಇಕೋಗೆ ತೆಳು ಹಾಳೆಯ ಹಾಯಿ ಕಟ್ಟಿದ್ದೆವು. ಇಕೋ ತಳದಲ್ಲಿ ಎಂಟು ಸೆನ್ಸರ್‌ಗಳ ಒಂದು ಪಟ್ಟಿ. ನೆಲದ ಗೆರೆ ಎಲ್ಲಿದೆ ಅಂತ ಅವು ನೋಡುತ್ತವೆ, ಸರ್ವೋ ಅನ್ನುವ ಒಂದು ಸಣ್ಣ ಮೋಟರು ಚಕ್ರದ ದಿಕ್ಕು ತಿರುಗಿಸುತ್ತದೆ.

ಸ್ಪರ್ಧೆಗೆ ಮೂರು ದಿನ ಇರುವಾಗ ಸಾತಾರಾ ಕಡೆಯ ಒಬ್ಬ ಜೂನಿಯರ್ ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲು ಬದಲು ಹಾಕಿದ. ಪಟ್ ಅಂತ ಸದ್ದು, ಸುಟ್ಟ ವಾಸನೆ, ಮೋಟರು ನಡೆಸುವ ಬೋರ್ಡು, ಮೋಟರ್ ಡ್ರೈವರ್, ಹೋಯಿತು. ನಾನು ಎರಡು ರಾತ್ರಿ ಮಲಗಿರಲಿಲ್ಲ. ಹದಿನೆಂಟು ಜನರ ಮುಂದೆ ಅವನ ಮೇಲೆ ಕೂಗಾಡಿದೆ. ‘ನಿನಗೆ ಇಲ್ಲಿ ಏನು ಕೆಲಸ, ಮನೆಗೆ ಹೋಗು’ ಅಂದೆ. ಅವನು ಹೋಗಲಿಲ್ಲ. ಮೂಲೆಯಲ್ಲಿ ಕೂತು ಹೊಸ ಡ್ರೈವರಿಗೆ ವೈರ್ ಬೆಸೆದ. ಶೆಡ್ಡಿನಲ್ಲಿ ಆಮೇಲೆ ಯಾರೂ ಜಾಸ್ತಿ ಮಾತಾಡಲಿಲ್ಲ, ಎಲ್ಲರೂ ಕೆಲಸ ಮಾಡುತ್ತಿದ್ದಾರೆ ಅಂತ ನನಗೆ ಸಮಾಧಾನ ಆಯಿತು.

ಪಂದ್ಯದಲ್ಲಿ ಇಕೋ ಮೊದಲ ಏರು ಹತ್ತಿತು. ಎರಡನೆಯದರ ತಿರುವಿನಲ್ಲಿ ಒಮ್ಮೆ ನಡುಗಿ, ಗೆರೆ ಬಿಟ್ಟು ಪಕ್ಕಕ್ಕೆ ಹೋಯಿತು. ರೀಟ್ರೈ, ಅಂದರೆ ಇನ್ನೊಂದು ಅವಕಾಶ, ಕೇಳಿದೆವು. ಮತ್ತೆ ಅದೇ ಜಾಗ, ಅದೇ ನಡುಕ. ಮೂರನೇ ಸಲವೂ ಅಷ್ಟೇ. ಸೀಟಿ ಊದಿದರು. ಎಂಟು ತಿಂಗಳ ಕೆಲಸ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಜೂನಿಯರ್ ನನ್ನ ಹಿಂದಿನ ಸೀಟಿಗೆ ಬಂದು ಕೂತ. ಮರಾಠಿಯಲ್ಲಿ ಮೆಲ್ಲಗೆ ಹೇಳಿದ, ಎಡದಿಂದ ಮೂರನೇ ಸೆನ್ಸರು ಬೋರ್ಡ್ ಅಲುಗಿದಾಗ ಸೊನ್ನೆ ತೋರಿಸುತ್ತಿತ್ತು, ಮೊನ್ನೆಯೇ ನೋಡಿದ್ದೆ ಅಂತ. ನಾನು ಮಾತಾಡದೆ ಡಬ್ಬದಿಂದ ಪಟ್ಟಿ ತೆಗೆದೆ. ಮೊಬೈಲ್ ಬೆಳಕಿನಲ್ಲಿ ಹಿಡಿದು ನೋಡಿದರೆ ಮೂರನೇ ಸೆನ್ಸರಿನ ಪಿನ್ನಿನ ಸುತ್ತ ಬೆಸುಗೆ ಮಂಕಾಗಿ, ಕೂದಲಿನಷ್ಟು ಸಣ್ಣ ಉಂಗುರದ ಬಿರುಕು. ಡ್ರೈ ಸೋಲ್ಡರ್, ಸರಿಯಾಗಿ ಹಿಡಿಯದ ಬೆಸುಗೆ. ಬ್ಯಾಟರಿ ಜೋಡಿಸಿ ಉಗುರಿನಿಂದ ಒತ್ತಿದೆ, ಪಕ್ಕದ ಸಣ್ಣ ಕೆಂಪು ದೀಪ ಹತ್ತಿತು. ಬಿಟ್ಟೆ, ಆರಿತು. ಮತ್ತೆ ಒತ್ತಿದೆ, ಹತ್ತಿತು. ಸೋಲ್ಡರಿಂಗ್ ಐರನ್ ಬಿಸಿ ಮಾಡಿ ಮುಟ್ಟಿಸಿದರೆ ಎರಡು ನಿಮಿಷದ ಕೆಲಸ ಅದು.

ಯಾಕೋ ಹೇಳಲಿಲ್ಲ ಅಂತ ಕೇಳಿದೆ. ಮರಾಠಿಯಲ್ಲಿ ಅಕ್ಕನಿಗೆ ತಾಈ ಅನ್ನುತ್ತಾರೆ. “ನಾನೇ ಕೆಡಿಸಿದೆ ಅಂತ ಮತ್ತೆ ಬೈತೀರಿ ಅನ್ನಿಸಿತು ತಾಈ” ಅಂದ.

ಅವನು ಮಿಸ್ ಹೇಳಲಿಲ್ಲ. ಹೇಳದ ಹಾಗೆ ಮಾಡಿದ್ದು ನಾನು. ಒಂದು ಕಾಲದಲ್ಲಿ ಮೈಕ್ ಆಫ್ ಮಾಡಿಕೊಂಡು ಕೂತಿದ್ದ ನಾನು, ಇನ್ನೊಬ್ಬನ ಮೈಕನ್ನು ಆಫ್ ಮಾಡಿಬಿಟ್ಟಿದ್ದೆ. ಬಸ್ಸು ನಿಂತಾಗ ಇಳಿದು ಅವನ ಕ್ಷಮೆ ಕೇಳಿದೆ. ಮಾರನೇ ದಿನ ಶೆಡ್ಡಿನಲ್ಲಿ, ಬೈದಿದ್ದು ಎಲ್ಲರ ಮುಂದೆ ಆದ್ದರಿಂದ, ಎಲ್ಲರ ಮುಂದೆ ಇನ್ನೊಮ್ಮೆ ಕೇಳಿದೆ.

ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಅವರ ಕೆಲಸದ ಬಗ್ಗೆ ನಾನು ಓದಿದ್ದು ಇದಾದ ಎಷ್ಟೋ ದಿನದ ಮೇಲೆ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ತಂಡಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪು ಕಡಿಮೆ ಇರಬಹುದು ಅಂತ ಹೊರಟವರಿಗೆ ಉಲ್ಟಾ ಸಿಕ್ಕಿತು, ಒಳ್ಳೆಯ ತಂಡಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ. ಕೆದಕಿ ನೋಡಿದರೆ ಆ ತಂಡಗಳಲ್ಲಿ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಅದನ್ನು ಓದುವಾಗ ನನಗೆ ಆ ಕೆಂಪು ದೀಪವೇ ಕಣ್ಣ ಮುಂದೆ ಬರುತ್ತಿತ್ತು.

ಮುಂದಿನ ವರ್ಷ ಶೆಡ್ಡಿನ ಗೋಡೆಗೆ ಒಂದು ದೊಡ್ಡ ವಹಿ ತೂಗುಹಾಕಿದೆವು. ಇವತ್ತು ಏನು ಕೆಟ್ಟಿತು ಅಂತ ಬರೆಯಲು. ಮೊದಲ ಪುಟ ಪೂರ್ತಿ ನನ್ನ ತಪ್ಪುಗಳೇ, ನನ್ನ ಕೈಯಿಂದಲೇ ಬರೆದೆ. ಯಾರು ಮಾಡಿದರು ಅಂತ ಅದರಲ್ಲಿ ಕಾಲಂ ಇರಲಿಲ್ಲ. ಏನು ಕಂಡಿತು, ಯಾವಾಗ ಕಂಡಿತು, ಅಷ್ಟೇ. ಇನ್ನೊಂದು ಡೋಟಾದಿಂದ ತಂದದ್ದು. ಯಾರಾದರೂ ‘ಮಿಸ್’ ಅಂದರೆ ಎಲ್ಲರೂ ಕೈ ನಿಲ್ಲಿಸಬೇಕು. ಮೊದಲ ವರ್ಷದ ಹುಡುಗಿ ಅಂದರೂ, ಪ್ರೊಫೆಸರ್ ಎದುರಿಗೇ ಇದ್ದರೂ. ಮೊದಲ ಎರಡು ವಾರ ಯಾರೂ ಅನ್ನಲಿಲ್ಲ. ಸುಮ್ನೆ ನಿಯಮ ಮಾಡಿದರೆ ಜನ ನಂಬುವುದಿಲ್ಲ, ನಂಬಬೇಕು ಅಂತ ಕೇಳುವ ಹಕ್ಕೂ ನನಗಿರಲಿಲ್ಲ. ಮೂರನೇ ವಾರ ಸಾತಾರಾದ ಅದೇ ಹುಡುಗ ಅಂದ. ತಾನು ಹಾಕಿದ್ದ ಕಪ್ಲಿಂಗಿನ ಗ್ರಬ್ ಸ್ಕ್ರೂ ಸಡಿಲ ಇದೆ ಅಂತ. ಎಲ್ಲರೂ ನನ್ನ ಮುಖ ನೋಡಿದರು. ನಾನು ಅಲೆನ್ ಕೀ ತೆಗೆದುಕೊಂಡು ಅವನ ಪಕ್ಕ ಕೂತೆ. ಅಲ್ಲಿಂದ ವಹಿ ತುಂಬತೊಡಗಿತು.

2017ರ ಆಟ ಜಪಾನಿನವರದು, ಮೆತ್ತನೆಯ ಡಿಸ್ಕುಗಳನ್ನು ಎಸೆದು ಏಳು ಮೇಜುಗಳ ಮೇಲೆ ಕೂರಿಸುವುದು. ಪಂದ್ಯಕ್ಕೆ ಹತ್ತು ನಿಮಿಷ ಇರುವಾಗ ಎರಡನೇ ವರ್ಷದ ಒಬ್ಬಳು ‘ಮಿಸ್’ ಅಂದಳು. ಗಾಳಿಯ ಪೈಪು ಫಿಟ್ಟಿಂಗಿನ ಹತ್ತಿರ ಸುಂಯ್ ಅನ್ನುತ್ತಿದೆ, ಕಿವಿಗೊಟ್ಟರೆ ಮಾತ್ರ ಕೇಳುತ್ತದೆ ಅಂತ. ಆ ಗದ್ದಲದಲ್ಲಿ ಹತ್ತಿರ ಹೋಗಿ ಕಿವಿಯಿಟ್ಟರೂ ನನಗೆ ಕೇಳಲಿಲ್ಲ. ಅವಳ ಮಾತಿನ ಮೇಲೆ ಪೈಪು ಬದಲಿಸಿದೆವು. ತೆಗೆದ ಪೈಪಿನ ತುದಿಯಲ್ಲಿ ಸೀಳು ಇತ್ತು. ಆ ವರ್ಷವೂ ನಾವು ಗೆಲ್ಲಲಿಲ್ಲ. ನಮಗಿಂತ ಚೆನ್ನಾಗಿ ಎಸೆಯುವ ತಂಡದ ಕೈಯಲ್ಲಿ ಸೋತೆವು. ಆದರೆ ರೋಬೋಟು ಕೊನೆಯ ಸೆಕೆಂಡಿನವರೆಗೂ ಎಸೆಯುತ್ತಲೇ ಇತ್ತು, ಬಸ್ಸಿನಲ್ಲಿ ಹಾಡು ಹೇಳಿಕೊಂಡು ಬಂದೆವು.

ಈಗ ನಾನು ಪುಣೆ ಹತ್ತಿರದ ಚಾಕಣದಲ್ಲಿ ಅಸೆಂಬ್ಲಿ ಲೈನಿನ ಆಟೊಮೇಷನ್ ಕೆಲಸ ಮಾಡುತ್ತೇನೆ. ಅಲ್ಲಿ ಪ್ರತಿ ಸ್ಟೇಷನ್‌ನಲ್ಲೂ ಆಂಡಾನ್ ದೀಪ ಇರುತ್ತದೆ. ಟೊಯೊಟಾದವರಿಂದ ಬಂದ ಪದ್ಧತಿ ಅದು. ಏನೋ ಸರಿ ಇಲ್ಲ ಅನ್ನಿಸಿದರೆ ಕೆಲಸಗಾರನೇ ಹಗ್ಗ ಎಳೆದು ಅಥವಾ ಬಟನ್ ಒತ್ತಿ ಲೈನ್ ನಿಲ್ಲಿಸಬಹುದು. ಹಗ್ಗ ಎಲ್ಲ ಕಡೆ ಸಿಗುತ್ತದೆ. ಎಳೆದ ಮೇಲೆ ಓಡಿ ಬರುವವನು ಯಾವ ಮುಖ ಹೊತ್ತು ಬರುತ್ತಾನೆ ಅನ್ನುವುದರ ಮೇಲೆ ನಾಳೆ ಅದನ್ನು ಯಾರಾದರೂ ಎಳೆಯುತ್ತಾರೋ ಇಲ್ಲವೋ ಗೊತ್ತಾಗುತ್ತದೆ. ಓಡಿ ಹೋಗುವವರಲ್ಲಿ ನಾನೂ ಒಬ್ಬಳು, ಹಾಗಾಗಿ ದಿನಾ ನೆನಪಿಟ್ಟುಕೊಳ್ಳುತ್ತೇನೆ.

ಅಪ್ಪ ಅಮ್ಮಂದಿರ ಪ್ರಶ್ನೆಗೆ ಬರುತ್ತೇನೆ. ಆಟ ಚಟ ಆಗುವುದಿಲ್ಲವಾ? ಆಗುತ್ತದೆ, ಕೆಲವರಿಗೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಿ, ಊಟ ನಿದ್ದೆ ಓದು ಎಲ್ಲವನ್ನೂ ಅದು ಹಿಂದಕ್ಕೆ ತಳ್ಳಿ, ಹಾನಿ ಆಗುತ್ತಿದ್ದರೂ ನಿಲ್ಲದೆ, ಸಾಮಾನ್ಯವಾಗಿ ಒಂದು ವರ್ಷ ಹಾಗೇ ನಡೆದರೆ ಅದನ್ನು ಕಾಯಿಲೆ ಅನ್ನುತ್ತಾರೆ. ನನಗೆ ಡೋಟಾ ಕಲಿಸಿದ ಕಾಕಾನ ಮಗ ಆ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂದವನು. ಒಬ್ಬನೇ, ರಾತ್ರಿಯೆಲ್ಲ, ಗುರುತಿಲ್ಲದವರ ಜೊತೆ. ಅವನು ಹೊರಗೆ ಬರಲು ಡಾಕ್ಟರ ಹತ್ತಿರ ಹೋಗಬೇಕಾಯಿತು, ಹೋದದ್ದು ಒಳ್ಳೆಯದಾಯಿತು. ಇದನ್ನು ಅವನನ್ನು ಕೇಳಿಯೇ ಹೇಳುತ್ತಿದ್ದೇನೆ.

ಹಣ ಕಟ್ಟಿ ಆಡುವ ಆಟ ಬೇರೆ, ವಿಡಿಯೋ ಗೇಮನ್ನು ಕ್ರೀಡೆಯ ಹಾಗೆ ಸ್ಪರ್ಧೆಗೆ ಆಡುವ ಇ-ಸ್ಪೋರ್ಟ್ಸ್ ಬೇರೆ. 2025ರ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾನೂನೂ ಅವೆರಡನ್ನು ಬೇರೆ ಮಾಡಿ, ಮೊದಲನೆಯದನ್ನು ನಿಷೇಧಿಸಿ, ಎರಡನೆಯದಕ್ಕೆ ಮಾನ್ಯತೆ ಕೊ‌ಟ್ಟಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನಕ್ಕೆಂದು ಇಟ್ಟಿದ್ದ ಇ-ಸ್ಪೋರ್ಟ್ಸ್‌ನಲ್ಲಿ ನಮ್ಮ ತೀರ್ಥ್ ಮೆಹ್ತಾ ಕಂಚು ಗೆದ್ದರು, 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್‌ನಲ್ಲಿ ನಮ್ಮ ಡೋಟಾ ತಂಡಕ್ಕೂ ಕಂಚು ಬಂತು. ಹಾಗಂತ ನಿಮ್ಮ ಮಗ ಇದರಲ್ಲೇ ಹೊಟ್ಟೆ ಹೊರೆಯುತ್ತಾನೆ ಅಂತ ನಾನು ಹೇಳಲಾರೆ. ತೀರಾ ಕಡಿಮೆ ಜನಕ್ಕೆ ಅದು ಸಾಧ್ಯ.

ಶಾಲೆಯ ಮಕ್ಕಳಿಗೆ ನನಗೆ ಇಷ್ಟವಾಗಿರುವುದು ‘ಫಸ್ಟ್’ ಅನ್ನುವ ಸಂಸ್ಥೆಯ ರೋಬೋಟು ಸ್ಪರ್ಧೆಗಳು. ಅಮೆರಿಕದ ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಕಟ್ಟಿದ ಸಂಸ್ಥೆ, ಮುಂಬೈ ಪುಣೆಯ ಮಕ್ಕಳೂ ಆಡುತ್ತಾರೆ. ಅದರ ಟೆಕ್ ಚಾಲೆಂಜ್‌ನಲ್ಲಿ ಎರಡು ತಂಡ ಸೇರಿ ಒಂದು ಜೋಡಿ, ಎದುರಿಗೂ ಒಂದು ಜೋಡಿ. ಅರ್ಹತಾ ಸುತ್ತಿನಲ್ಲಿ ಜೋಡಿಗಳು ಬದಲಾಗುತ್ತಾ ಹೋಗುತ್ತವೆ, ಈಗ ಎದುರಾಳಿ ಆದವನು ಮುಂದಿನ ಪಂದ್ಯದಲ್ಲಿ ನಿಮ್ಮ ಜೊತೆಗಾರ ಆಗಬಹುದು. ಎದುರಾಳಿಯ ಬ್ಯಾಟರಿ ಸತ್ತರೆ ನಿಮ್ಮ ಬ್ಯಾಟರಿ ಕೊಡುತ್ತೀರಿ. ಮಕ್ಕಳಿಗೆ ಇದನ್ನು ಯಾರೂ ಉಪದೇಶ ಮಾಡಿ ಹೇಳಬೇಕಾಗಿಲ್ಲ, ಒಂದು ದಿನ ರೋಬೋಟು ರಿಪೇರಿ ಮಾಡುವ ಪಿಟ್‌ನಲ್ಲಿ ನಿಂತರೆ ಕಲಿತುಬಿಡುತ್ತಾರೆ.

ಮಾತು ಮುಗಿದ ಮೇಲೆ ಕಲಬುರಗಿ ಕಡೆಯ ಒಬ್ಬ ಅಕ್ಕ ಎದ್ದು ನಿಂತು, “ನಮ್ಮ ಹುಡುಗ ಏನ್ ಕೇಳಿದ್ರೂ ಬಾಯೇ ಬಿಡಂಗಿಲ್ರೀ. ನಾ ಏನ್ ಕೇಳ್ಬೇಕು?” ಅಂದರು. ಇವತ್ತು ಗೆದ್ದೆಯೋ ಸೋತೆಯೋ ಅಂತ ಕೇಳಬೇಡಿ ಅಂದೆ. ನೀನು ಯಾವ ಸ್ಥಾನದಲ್ಲಿ ಆಡುತ್ತೀಯಾ, ಎಲ್ಲಿ ಕೆಟ್ಟಿತು, ಹೇಗೆ ಗೊತ್ತಾಯಿತು ಅಂತ ಕೇಳಿ. ಹೇಳಿದ ಮೇಲೆ ಹತ್ತು ನಿಮಿಷ ಏನೂ ಬುದ್ಧಿ ಹೇಳಬೇಡಿ. ಅವರ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಹುಡುಗ ಆಗ ಮೆಲ್ಲಗೆ, “ನಾನೂ ಸಪೋರ್ಟೇ” ಅಂದ. ಅಮ್ಮನಿಗೆ ಅರ್ಥವಾಗಲಿಲ್ಲ. ಅವನು ಅಲ್ಲೇ ಕೂತು, ವಾರ್ಡ್ ಅಂದರೆ ಏನು ಅಂತ ಅಮ್ಮನಿಗೆ ಹೇಳತೊಡಗಿದ.

ಬರುವ ಭಾನುವಾರದಿಂದ ಬೆಳಿಗ್ಗೆ ಹತ್ತಕ್ಕೆ ಅದೇ ಹಾಲಿನ ಹಿಂದಿನ ಕೋಣೆಯಲ್ಲಿ ಮಕ್ಕಳ ಜೊತೆ ಗೆರೆ ಹಿಡಿದು ಓಡುವ ಸಣ್ಣ ರೋಬೋಟು ಮಾಡಲು ಶುರು ಮಾಡುತ್ತೇವೆ. ಏಳನೇ ಕ್ಲಾಸಿನಿಂದ ಮೇಲಿನ ಯಾರು ಬೇಕಾದರೂ ಬರಬಹುದು. ನನ್ನ ಹತ್ತಿರ ಸೋಲ್ಡರಿಂಗ್ ಐರನ್ ಎರಡೇ ಇವೆ, ನಿಮ್ಮ ಮನೆಯಲ್ಲಿ ಇದ್ದರೆ ತನ್ನಿ. ಗೋಡೆಗೆ ತೂಗುಹಾಕುವ ವಹಿ ನಾನು ತರುತ್ತೇನೆ.